ಫಕೀರಪ್ಪನಿಗೆ ನಾನು ಹೇಳಿದ ಸುದ್ದಿ

ಗದಗ, ಇಸವಿ ೨೧೭೪, ಮಾಘ ಮಾಸ

ನೂರೈವತ್ತು ವರ್ಷಗಳ ಹಿಂದಿನ ದಾದಿಯರಿಗೆ ಇಂದುಮತಿ ಹಾದಿಮನಿಯ ನಮಸ್ಕಾರಗಳು. ನೀವಿನ್ನೂ ಕಾಣದ ದಿನದಲ್ಲಿ ಕುಳಿತು ಬರೆಯುತ್ತಿದ್ದೇನೆ. ನಮ್ಮ ಕೆಲವು ಮಾತುಗಳು ನಿಮ್ಮ ಕಿವಿಗೆ ಹೊಸದಾಗಿ ಕೇಳಿಸಬಹುದು, ಮನ್ನಿಸಿ.

ಸೋಂಕಿನ ವಾರ್ಡಿಗೆ ನಾವು ಉಸಿರುಮನೆ ಎನ್ನುತ್ತೇವೆ. ಒಳಗೆ ಹೋಗುವಾಗ ಮೈಗಂಟುವ ಪೊರೆ ತೊಡಬೇಕು. ತೊಟ್ಟರೆ ಆರು ತಾಸು ನೀರಿಲ್ಲ. ಪೊರೆ ಕಳಚಿದ ಮೇಲೆ ಮೊಗಸಾಲೆಯಲ್ಲಿ ನಿಂತೇ ರೊಟ್ಟಿ ತಿನ್ನುತ್ತೇವೆ. ನಾಡಿ ನೋಡುವುದಕ್ಕೆ, ರೋಗಿಯನ್ನು ಮಗ್ಗುಲು ಹೊರಳಿಸುವುದಕ್ಕೆ ಯಂತ್ರಗಳಿವೆ. ಆದರೆ ಮನೆಯವರಿಗೆ ಸುದ್ದಿಯನ್ನು ಮನುಷ್ಯರೇ ಹೇಳಬೇಕೆಂದು ಹಿರಿಯರು ಕಾನೂನು ಮಾಡಿದ್ದಾರೆ. ಒಳ್ಳೆಯ ಕಾನೂನೇ. ದಿನವೂ ಮನೆಮನೆಗೆ ಫೋನ್ ಮಾಡುವ ಆ ಕೆಲಸಕ್ಕೆ ಸುದ್ದಿಪಾಳಿ ಎಂದು ಹೆಸರು. ಊರಿಗೆ ಈ ಉಸಿರಿನ ಬೇನೆ ಬಂದ ಮೇಲೆ ನಲವತ್ತು ದಿನ ಅದು ನನ್ನ ಪಾಲಿಗಿತ್ತು.

ಮೊದಲು ಊಟ ಸೇರದಾಯಿತು. ಆಮೇಲೆ ಫೋನಿನ ಸದ್ದಾದರೆ ಕೈ ನಡುಗತೊಡಗಿತು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಪಾಳಿ ಹಿರಿಯ ದಾದಿ ಮೆಹಬೂಬಿಯ ತಲೆಗೆ ಬೀಳುತ್ತಿತ್ತು. ಅವಳೋ ಎರಡು ತಿಂಗಳಿಂದ ತನ್ನ ಮಕ್ಕಳ ಮುಖ ನೋಡಿರಲಿಲ್ಲ.

ಒಂದು ಮಂಗಳವಾರ, ಉಸಿರುಮನೆಗೆ ಬಂದ ಹನ್ನೆರಡನೆಯ ದಿನ, ಸಾವಂತ್ರವ್ವ ಎಂಬಾಕೆ ತೀರಿಕೊಂಡಳು. ಬೆಟಗೇರಿಯಲ್ಲಿ ಮಗ್ಗ ನಡೆಸುವ ಅವಳ ಗಂಡ ಫಕೀರಪ್ಪನಿಗೆ ಆ ಸುದ್ದಿ ಹೇಳಲು ನಾನೇ ಫೋನ್ ಮಾಡಿದೆ. ಹೆಂಡತಿ ಹೇಗಿದ್ದಾಳೆಂದು ಅವನು ಕೇಳಿದ. ಆರಾಮಿದ್ದಾಳೆ, ಗಂಜಿ ಕುಡಿದಳು ಎಂದೆ. ಫೋನ್ ಇಟ್ಟು ಮುಂದಿನ ಮನೆಗೆ ಮಾಡಿದೆ. ಸುಳ್ಳು ಹೇಳಿದೆನೆಂಬ ಅರಿವೇ ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಅವಳಿಗೆಂದು ಒಗೆದ ಸೀರೆ ಹಿಡಿದು ಗೇಟಿಗೆ ಬಂದ. ಮೆಹಬೂಬಿ ಬಂದು, ನಿನ್ನೆ ಇವರಿಗೆ ಏನು ಹೇಳಿದಿ ಎಂದು ಮೆಲ್ಲಗೆ ಕೇಳಿದಾಗಲೇ ನನಗೆ ನೆನಪಾದದ್ದು. ಗೇಟಿನ ಕಡೆ ಹೊರಟೆ.

"ನೀ ಕೂಡು ಇಂದೂ, ನಾ ಹೇಳ್ತೀನಿ," ಎಂದಳು.

ಕೂಡಲಾರದೆ ಅವಳ ಹಿಂದೆಯೇ ಹೋದೆ. ಅವಳು ಹೇಳಿದಳು. ತಪ್ಪು ನನ್ನದೆಂದು ನಾನು ಹೇಳಿದೆ. ಅವನು ಬೈಯಲಿಲ್ಲ. ಬಹಳ ಹೊತ್ತು ಸೀರೆಯ ಮಡಿಕೆ ಸರಿಮಾಡುತ್ತಿದ್ದ.

"ಹನ್ನೆರಡು ದಿನದಾಗ ನಿನ್ನೆ ಒಂದ ದಿನ ನಿದ್ದಿ ಮಾಡೀನ್ರಿ, ಅವ್ವಾರ," ಎಂದ. "ಅಕಿ ಹೋದ ದಿನ."

ಅಂದೇ ಡಾಕ್ಟರ ಮುಂದೆ ಎಲ್ಲ ಹೇಳಿದೆ. ಹತ್ತು ದಿನ ಪಾಳಿ ಬಿಡಿಸಿದರು. ನನಗಿಂತ ಮೊದಲೇ ಇನ್ನೂ ಮೂವರು ದಾದಿಯರು ಇದೇ ಸ್ಥಿತಿಯಲ್ಲಿ ಬಂದಿದ್ದರು, ಬದಲಿಗೆ ಜನವಿಲ್ಲವೆಂದು ಅವರನ್ನು ತಾವೇ ಒಳಗೆ ಕಳಿಸಿದ್ದಾಗಿ ತಲೆ ತಗ್ಗಿಸಿ ಹೇಳಿದರು. ಈಗ ಸ್ವಲ್ಪ ನಿದ್ದೆ ಬರುತ್ತಿದೆ. ನಾಳೆ ಎಂಟು ಗಂಟೆಗೆ ಮತ್ತೆ ನನ್ನ ಪಾಳಿ. ಬೇನೆಯ ಭಯ ನನಗಿಲ್ಲ. ನನ್ನ ಬಾಯಿ ಏನು ಹೇಳೀತೋ ಎಂಬ ಭಯ.

ನಿಮ್ಮ ಕಾಲದ ಮಹಾಮಾರಿಯ ಕಡತಗಳನ್ನು ಈ ಹತ್ತು ದಿನ ಓದಿದೆ. ಎಷ್ಟು ಜನ ಸತ್ತರು, ಎಷ್ಟು ಹಾಸಿಗೆ, ಯಾವ ಔಷಧಿ, ಎಲ್ಲ ಇದೆ. ಜನ ನಿಮಗಾಗಿ ಚಪ್ಪಾಳೆ ತಟ್ಟಿದ್ದೂ ಇದೆ. ನಿಮ್ಮಲ್ಲೊಬ್ಬಳ ಕೈ ನಡುಗಿದಾಗ ಅವಳು ಯಾರಿಗೆ ಹೇಳಿದಳು, ಅವರೇನು ಮಾಡಿದರು ಎಂಬುದು ನನಗೆ ಸಿಗಲಿಲ್ಲ. ದಯವಿಟ್ಟು ಬರೆದಿಡಿ. ನನ್ನಿಂದ ಆಗುವುದಿಲ್ಲ ಎಂದು ಯಾರಾದರೂ ಅಂದರೆ, ಅವಳನ್ನು ದೇವತೆ ಎಂದು ಕರೆದು ಮತ್ತೆ ಒಳಗೆ ಕಳಿಸಬೇಡಿ.