ಒಂದು ಪಟ್ಟಿ, ಏಳು ತೋಳು

ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ

ನನ್ನ ಮುದ್ದು ಮಗಳೇ, ದೊಡ್ಡಾಸ್ಪತ್ರೆಯಲ್ಲಿ ಕೂತು ಕಂಪ್ಯೂಟರ್ ಪರದೆಯಲ್ಲೇ ರೋಗಿಗಳನ್ನು ನೋಡುವ ನರ್ಸಮ್ಮನವರೇ,

ನಾನಿಲ್ಲಿ ಕ್ಷೇಮ ಎಂದು ಶುರು ಮಾಡುವುದು ವಾಡಿಕೆ. ಈ ಸಲ ಆ ವಿಷಯವನ್ನು ಕಡೆಗೆ ಇಟ್ಟುಕೊಂಡಿದ್ದೇನೆ. ಮೊದಲು ನಿನ್ನ ಕಾಗದಕ್ಕೆ ಉತ್ತರ.

ಅದು ಶನಿವಾರ ಬಸ್ ಡ್ರೈವರ್ ಕೈಯಲ್ಲಿ ಬಂತು. ರೋಗಿಯ ಮನೆಯಿಂದ ಬರುತ್ತಿರುವ ರಕ್ತದೊತ್ತಡದ ಅಳತೆಗಳು ಒಂದಕ್ಕೊಂದು ಹೊಂದುತ್ತಿಲ್ಲವಂತೆ. ರೋಗಿ ಯಂತ್ರ ಬಳಸಲು ಅಸಮರ್ಥಳಂತೆ. ಆದ್ದರಿಂದ ಗುರುವಾರ ವ್ಯಾನ್ ಬಂದು ಯಂತ್ರವನ್ನು ಹಿಂದಕ್ಕೆ ಪಡೆದು, ರೋಗಿಯನ್ನು ಎರಡು ವಾರದ ನಿಗಾಕ್ಕೆ ಕರೆದೊಯ್ಯುವುದಂತೆ. ಕೆಳಗೆ ನಿನ್ನ ರುಜು. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದು, ನೀನು ಕೂತಿರುವ ಆ ಆಸ್ಪತ್ರೆಯ ಕಿಟಕಿ ಪರದೆ, ಹೊದಿಕೆಗಳನ್ನೂ ಹೊಲಿದು ಕಳಿಸಿದವಳು ನಾನು. ಒಂದು ಗುಂಡಿ ಒತ್ತಲು ನನಗೆ ಬರುವುದಿಲ್ಲ ಎಂದು ನನ್ನ ಮಗಳೇ ಬರೆದುಕೊಟ್ಟಳಲ್ಲ, ಭಲೇ!

ಫೋನ್ ಮಾಡಬಹುದಿತ್ತು. ಆದರೆ ನಿಮ್ಮಲ್ಲಿ ಪ್ರತಿ ಮಾತೂ ರೆಕಾರ್ಡ್ ಆಗುತ್ತದೆ ಎಂದು ನೀನೇ ಹೇಳಿದ್ದೀಯ. ಅಲ್ಲದೆ ಫೋನಿನಲ್ಲಿ ನೀನು ನನ್ನ ಒಂದು ವಾಕ್ಯವನ್ನೂ ಮುಗಿಸಲು ಬಿಡುವುದಿಲ್ಲ. ಕಾಗದವನ್ನಾದರೆ ಕಡೆಯವರೆಗೆ ಓದಲೇಬೇಕು.

ಕೇಳು. ನಿಮ್ಮ ಯಂತ್ರ ಕೆಟ್ಟಿಲ್ಲ, ನನ್ನ ತಲೆಯೂ ಕೆಟ್ಟಿಲ್ಲ. ಬೆಳಿಗ್ಗೆ ಎಂಟಕ್ಕೆ ನೂರೆಂಬತ್ತು, ಎಂಟೂ ಹತ್ತಕ್ಕೆ ನೂರ ಹದಿನೈದು, ಎಂಟೂವರೆಗೆ ನೂರ ಅರವತ್ತು ಎಂದು ನಿನ್ನ ಮುಂದೆ ಕುಣಿಯುತ್ತಿರುವುದು ಒಬ್ಬಳ ರಕ್ತವಲ್ಲ. ನೂರೆಂಬತ್ತು ಪಕ್ಕದ ಮನೆ ಬಡಗಿಯದು. ನೂರ ಹದಿನೈದು ನನ್ನ ತಂಗಿಯದು, ಅಂದರೆ ನಿನ್ನ ಚಿಕ್ಕಮ್ಮನದು. ನೂರ ಅರವತ್ತು ನಮ್ಮ ಬೀದಿಯ 'ರೇಡಿಯೊ'ದು. ಅವಳು ತೋಳಿಗೆ ಪಟ್ಟಿ ಬಿಗಿದಾಗಲೂ ಬಾಯಿ ಮುಚ್ಚುವುದಿಲ್ಲ. ಮುಚ್ಚಿದರೆ ಹತ್ತಾದರೂ ಇಳಿದೀತು. ಇವರ ಜೊತೆ ಮೂಲೆಮನೆಯ ಅಕ್ಕತಂಗಿಯರಿಬ್ಬರು ಮತ್ತು ಹಳೆಯ ದೋಣಿಯವನು. ಐದು ತಿಂಗಳಿಂದ ಬೀದಿಯ ಹಿರಿಯರೆಲ್ಲ ಬೆಳಿಗ್ಗೆ ನನ್ನ ಮನೆ ಮೆಟ್ಟಿಲ ಮೇಲೆ ತೋಳು ಚಾಚಿಕೊಂಡು ಕೂರುತ್ತಾರೆ.

ಇದನ್ನು ಯಾರಿಗೂ ಹೇಳದೆ ಮಾಡಿದೆ ಎಂದು ರೇಗಬೇಡ. 'ಮೂಲನಿವಾಸಿ ಹಿರಿಯರ ಮನೆಬಾಗಿಲಿಗೆ ವೈದ್ಯರು' ಎಂದು ಬ್ಯಾನರ್ ಕಟ್ಟಿಕೊಂಡು ನಿಮ್ಮವರು ಬಂದ ದಿನ ನೀನಿರಲಿಲ್ಲ. ನಾವು ಏಳೂ ಜನ ಸಾಲಿನಲ್ಲಿ ನಿಂತಿದ್ದೆವು. ಎಲ್ಲರದ್ದೂ ಅಳೆದರು, ಎಲ್ಲರದ್ದೂ ನೋಡಿ ಗುಮಾಸ್ತ ಮುಖ ಸಿಂಡರಿಸಿದ. ಆಮೇಲೆ ಹುಟ್ಟಿದ ತಾರೀಕು ಕೇಳಿದ. ಬಡಗಿ, "ಸೇತುವೆ ಕೊಚ್ಚಿಕೊಂಡು ಹೋಯ್ತಲ್ಲ, ಆ ವರ್ಷ" ಅಂದ. ಗುಮಾಸ್ತ, "ಅದೆಲ್ಲ ಇಲ್ಲಿ ತಗೊಳ್ಳಲ್ಲ ತಾತ, ತಾರೀಕು ಹೇಳಿ" ಅಂದ. ಆರು ಜನರ ಅರ್ಜಿ ಅಲ್ಲೇ ಪಕ್ಕಕ್ಕೆ ಹೋಯಿತು. ನನಗೆ ಮಾತ್ರ ತಾರೀಕಿತ್ತು. ಅದು ಎಲ್ಲಿಂದ ಬಂತು ಎಂದು ನಿನಗೆ ಗೊತ್ತೇ? ನಮ್ಮ ಭಾಷೆ ಆಡಿದರೆ ಬೆರಳಿನ ಗಿಣ್ಣಿಗೆ ಹೊಡೆಯುತ್ತಿದ್ದ ಆ ಹಾಸ್ಟೆಲ್ ಶಾಲೆಯಲ್ಲಿ, ಸೇರಿಸಿಕೊಳ್ಳುವ ದಿನ ಒಬ್ಬ ನನ್ನ ಬಾಯಿ ತೆರೆಸಿ, ಹಲ್ಲು ನೋಡಿ, ಒಂದು ತಾರೀಕು ಗೀಚಿಕೊಂಡ. ಆ ಸುಳ್ಳು ತಾರೀಕಿಗೆ ನಿಮ್ಮ ಯಂತ್ರ ಸಿಕ್ಕಿತು. ನಿಜವಾಗಿಯೂ ಹುಟ್ಟಿದ ಆರು ಜನರಿಗೆ ಸಿಗಲಿಲ್ಲ. ಹಾಗಿರುವಾಗ ಅದನ್ನು ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿಕೊಳ್ಳಬೇಕಿತ್ತೇ?

ಇನ್ನೊಂದು ಘನಕಾರ್ಯವನ್ನೂ ಹೇಳಿಬಿಡುತ್ತೇನೆ. ಪಟ್ಟಿ ರೇಡಿಯೊಳ ತೋಳಿಗೆ ಸಾಲಲಿಲ್ಲ. ನಾನು ಸುಮ್ಮನಿರುತ್ತೇನೆಯೇ? ಒಂದು ಗೇಣು ದಪ್ಪ ಬಟ್ಟೆ ಸೇರಿಸಿ, ಎರಡು ಸಾಲು ಹೊಲಿಗೆ ಹಾಕಿ, ಅಚ್ಚುಕಟ್ಟಾಗಿ ಉದ್ದ ಮಾಡಿದೆ. ಒಳಗಿನ ಗಾಳಿಚೀಲ ಮಾತ್ರ ಅಷ್ಟೇ ಉಳಿಯಿತು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಸಂಖ್ಯೆ ಹೆಚ್ಚು ತೋರಿಸುತ್ತದೆ ಎಂದು ಪೆಟ್ಟಿಗೆಯೊಳಗಿನ ಪುಸ್ತಕದಲ್ಲಿ ಆಮೇಲೆ ಓದಿದೆ. ಆದ್ದರಿಂದ ಅವಳ ನೂರ ಅರವತ್ತನ್ನು ಪೂರ್ತಿ ನಂಬಬೇಡ. ದೊಡ್ಡ ಪಟ್ಟಿ ಒಂದು ಬೇಕು.

ಈಗ ಆ ಮಂಗಳವಾರದ ವಿಷಯ. ನಿನಗೂ ನೆನಪಿರಲೇಬೇಕು. ಪರದೆಯಲ್ಲಿ ನಿನಗೆ ಇನ್ನೂರ ಹತ್ತು ಕಂಡಿತು. ಅರ್ಧ ನಿಮಿಷದಲ್ಲಿ ಫೋನ್ ಬಂತು. ಪಟ್ಟಿ ಬಡಗಿಯ ತೋಳಿನಲ್ಲಿತ್ತು, ಅವನ ಮುಖ ಕೆಂಪಾಗಿತ್ತು, ನಾನು ಸ್ಪೀಕರ್ ಹಾಕಿದೆ. ನೀನು ನಮ್ಮ ಭಾಷೆಯಲ್ಲಿ, "ಅಮ್ಮಾ, ಹೆದರ್ಕೋಬೇಡ, ಎರಡೂ ಕೈ ಮೇಲೆತ್ತು" ಅಂದೆ. ನಾನು ಸನ್ನೆ ಮಾಡುವ ಮೊದಲೇ ಅವನು ಎತ್ತಿದ. "ನಗು ನೋಡೋಣ" ಅಂದೆ. ಹೆಂಡತಿ ಹೋದಮೇಲೆ ಆ ಮನುಷ್ಯ ನಕ್ಕದ್ದನ್ನು ಯಾರೂ ಕಂಡಿಲ್ಲ. ನೀನು ಕೇಳಿದೆಯೆಂದು ಹಲ್ಲು ಕಿರಿದ. ಲಕ್ವ ಹೊಡೆದಿಲ್ಲವಲ್ಲ, ತುಟಿಯ ಎರಡು ತುದಿಯೂ ಸಮವಾಗಿವೆಯೇ ಎಂದು ನಾನು ಕನ್ನಡಕ ಏರಿಸಿ ನೋಡಿ, ಕನ್ನಡಿಯಲ್ಲಿ ನನ್ನದೇ ಮುಖ ನೋಡಿಕೊಂಡವಳ ಹಾಗೆ ಸರಿಯಾಗಿದೆ ಎಂದು ಉತ್ತರ ಕೊಟ್ಟೆ. ರೇಡಿಯೊ ಜೀವನದಲ್ಲಿ ಮೊದಲ ಸಲ ತುಟಿ ಬಿಚ್ಚದೆ ಕೂತಿದ್ದಳು. ನೀನು ಹೇಳಿದ ಹಾಗೆ ಮಲಗಿಸಿ, ನೀನು ಹೇಳಿದ ಮಾತ್ರೆ ನುಂಗಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಅಳೆದೆವು. ಇಳಿದಿತ್ತು. ಬಡಗಿ ಇಂದಿಗೂ ಬದುಕಿದ್ದಾನೆ, ಮೊನ್ನೆ ನನ್ನ ಬಾಗಿಲಿನ ಚಿಲಕ ಸರಿಮಾಡಿಕೊಟ್ಟ. ಅವನನ್ನು ಉಳಿಸಿದವಳು ನೀನು.

ನನಗೆಂದು ನೀನು ಹೆಚ್ಚಿಸಿ ಕಳಿಸಿದ ಮಾತ್ರೆಗಳೂ ಅಂದಿನಿಂದ ಅವನ ಹೊಟ್ಟೆ ಸೇರುತ್ತಿವೆ. ಇದು ತಪ್ಪು ಎಂದು ನನಗೆ ಗೊತ್ತು. ಹೆಚ್ಚುಕಡಿಮೆ ಆಗಿದ್ದರೆ ಅವನ ಜೀವ ಹೋಗುತ್ತಿತ್ತು, ನಿನ್ನ ಕೆಲಸವೂ ಹೋಗುತ್ತಿತ್ತು. ಇದೊಂದಕ್ಕೆ ನಿನ್ನ ಕ್ಷಮೆ ಕೇಳುತ್ತೇನೆ. ಉಳಿದ ಯಾವುದಕ್ಕೂ ಕೇಳುವುದಿಲ್ಲ.

ವ್ಯಾನ್ ಎಂದರೆ ನಾನೇಕೆ ಹೀಗೆ ಸಿಡಿಯುತ್ತೇನೆ ಎಂದು ನೀನು ಕೇಳುತ್ತಲೇ ಇರುತ್ತೀಯ, ನಾನು ಮಾತು ಹಾರಿಸುತ್ತಲೇ ಇರುತ್ತೇನೆ. ನೀನು ಹುಟ್ಟುವ ಮೊದಲು ಇದೇ ಬೀದಿಗೆ ಇಂಥದೇ ವ್ಯಾನ್ ತಂದು ನನ್ನ ಅಮ್ಮನನ್ನೂ ಎರಡು ವಾರದ ನಿಗಾಕ್ಕೆಂದೇ ಒಯ್ದರು. ಜೊತೆಗೆ ಯಾರನ್ನೂ ಹತ್ತಿಸಿಕೊಳ್ಳಲಿಲ್ಲ. ಅಲ್ಲಿ ಅವಳ ಭಾಷೆ ಬಲ್ಲವರು ಒಬ್ಬರೂ ಇರಲಿಲ್ಲ. ಮೂರನೆಯ ವಾರ ಹೆಣ ತರಲು ಹೋದಾಗ ಹಾಸಿಗೆಗೆ ನೇತುಹಾಕಿದ್ದ ಹಾಳೆಯನ್ನು ಓದಿದೆ. 'ರೋಗಿ ಮಾತನಾಡುವುದಿಲ್ಲ' ಎಂದು ದಿನವೂ ಬರೆದಿದ್ದರು. ಇಡೀ ಬೀದಿ ಅವಳ ಬಾಯಿಗೆ ಹೆದರುತ್ತಿತ್ತು ಮಗಳೇ. ಒಂದು ಲೋಟ ನೀರು ಕೊಡಿ ಎಂದು ಎಷ್ಟು ಸಲ ಕೇಳಿದ್ದಳೋ ಏನೋ. ಆ ಹಾಳೆಯನ್ನು ಅಲ್ಲೇ ಹರಿದು ಹಾಕಿ ಬಂದೆ.

ನೀನು ಈಗ, ಕಾಲ ಬದಲಾಗಿದೆ, ನಾನಿದ್ದೇನೆ ಎನ್ನುತ್ತೀಯ. ಸರಿ. ನೀನಿರುವುದು ಒಬ್ಬಳೇ. ನಿನ್ನ ಪಾಳಿ ಮುಗಿದು ನೀನು ಮನೆಗೆ ಹೋದಮೇಲೆ ಆ ವಾರ್ಡಿನಲ್ಲಿ ನಮ್ಮ ಭಾಷೆ ಯಾರಿಗೆ ಬರುತ್ತದೆ? ನಾಲ್ಕು ಗಂಟೆಯ ದಾರಿಯಾಚೆ ಕೂತು ನೀನು ಕೈ ಎತ್ತು ಅಂದರೆ ಇಲ್ಲಿ ಬಡಗಿಯ ಕೈ ಏಳುತ್ತದೆ. ಅದಕ್ಕಾಗಿಯೇ ನನಗೆ ಈ ಯಂತ್ರ ಬೇಕು. ಇಲ್ಲಿಂದ ಏಳದೆ, ನಮ್ಮವರ ನಡುವೆಯೇ ಇದ್ದು, ನಮ್ಮ ಮಾತಿನಲ್ಲೇ ಚಿಕಿತ್ಸೆ ಪಡೆಯುವುದು ನಮ್ಮ ಹಕ್ಕು. ಯಾರ ಉಪಕಾರವೂ ಅಲ್ಲ.

ಆದ್ದರಿಂದ ಗುರುವಾರ ಏನಾಗುತ್ತದೆ ಎಂದು ಈಗಲೇ ತಿಳಿದುಕೊ. ಯಂತ್ರವನ್ನು ಕೊಡುವುದಿಲ್ಲ. ವ್ಯಾನ್ ಬಂದರೆ ಮೆಟ್ಟಿಲ ಮೇಲೆ ಏಳು ಜನ ಕೂತಿರುತ್ತೇವೆ, ಜಪ್ಪಯ್ಯ ಅಂದರೂ ಏಳುವುದಿಲ್ಲ. ಎತ್ತಿಕೊಂಡು ಹೋಗುವುದಾದರೆ ರೇಡಿಯೊಳಿಂದ ಶುರು ಮಾಡಲಿ, ನೋಡೋಣ. ಈ ಕಾಗದದ ಜೊತೆ ನನ್ನ ನೋಟ್‌ಬುಕ್ಕನ್ನೂ ಇಟ್ಟಿದ್ದೇನೆ. ಐದು ತಿಂಗಳ ಪ್ರತಿ ಅಳತೆ, ಯಾವ ದಿನ, ಎಷ್ಟು ಗಂಟೆ, ಯಾರ ತೋಳು ಎಂದು ಒಂದೂ ಬಿಡದೆ ಬರೆದಿದೆ. ನಿನ್ನ ಡಾಕ್ಟರ ಮುಂದೆ ಇಡು. ಅಸಮರ್ಥಳು ಬರೆದದ್ದು ಎಂದು ಮರೆಯದೆ ಹೇಳು. ಪರದೆಯಲ್ಲಿ ಏಳು ಹೆಸರಿಗೆ ಜಾಗ ಇಲ್ಲ ಎಂದರೆ ಜಾಗ ಮಾಡಲಿ. ತಾರೀಕಿಲ್ಲದೆ ಹೆಸರು ಹತ್ತುವುದಿಲ್ಲ ಎಂದರೆ ನನಗೆ ಮಾಡಿದ ಹಾಗೆ ಹಲ್ಲು ನೋಡಿ ಬರೆದುಕೊಳ್ಳಲಿ. ಬಡಗಿಗೆ ಇನ್ನೂ ನಾಲ್ಕು ಹಲ್ಲುಗಳಿವೆ.

ಇದರಿಂದ ನಿನಗೆ ಅಲ್ಲಿ ಕಷ್ಟ ಬರಬಹುದು. ಬರಲಿ ಎಂದು ಹೇಳುವಷ್ಟು ಕಲ್ಲುಮನಸ್ಸು ನನಗಿಲ್ಲ. ಆದರೂ ಈ ಸಲ ನೀನು ನನ್ನ ಪಕ್ಕ ನಿಲ್ಲಬೇಕು.

ನಿನ್ನ ಮೇಲೆ ಕೋಪವೂ ಅದಕ್ಕಿಂತ ಹೆಚ್ಚು ಪ್ರೀತಿಯೂ ಇರುವ,
ಹಟಮಾರಿ ಅಮ್ಮ

ಮರೆತೆ ಎಂದುಕೊಳ್ಳಬೇಡ, ಬೇಕೆಂದೇ ಕಡೆಗೆ ಬರೆಯುತ್ತಿದ್ದೇನೆ. ನೋಟ್‌ಬುಕ್ಕಿನ ತುಂಬ ಹುಡುಕಿದರೂ ಐದು ತಿಂಗಳಲ್ಲಿ ನನ್ನ ಹೆಸರು ಸಿಗುವುದಿಲ್ಲ. ನಿಮ್ಮವರು ಬಂದು ಅಳೆದ ಆ ದಿನದ ಮೇಲೆ ನಾನು ಒಂದು ಸಲವೂ ಪಟ್ಟಿ ಕಟ್ಟಿಕೊಂಡಿಲ್ಲ, ಮಾತ್ರೆ ನುಂಗಿಲ್ಲ. ಸಂಖ್ಯೆ ಕಂಡರೆ ನೀನು ನನ್ನನ್ನು ಒಯ್ಯುತ್ತೀಯ ಎಂಬ ಭಯ. ಈ ಕಾಗದ ಮುಗಿಸಿ, ನಿನಗೆ ಅಷ್ಟು ದೊಡ್ಡ ಮಾತು ಹೇಳಿದಮೇಲೆ ನಾಚಿಕೆಯಾಗಿ ಈಗ ಕಟ್ಟಿಕೊಂಡೆ. ಹನ್ನೊಂದೂ ಮುಕ್ಕಾಲಿಗೆ ನಿನ್ನ ಪರದೆಗೆ ಬಂದ ಇನ್ನೂರ ಇಪ್ಪತ್ತು ಬಡಗಿಯದಲ್ಲ. ಫೋನ್ ಬಡಿದುಕೊಳ್ಳುತ್ತಿದೆ, ನೀನೇ ಇರಬೇಕು. ಎತ್ತುತ್ತೇನೆ, ನೀನು ಹೇಳಿದ್ದನ್ನೆಲ್ಲ ಮಾಡುತ್ತೇನೆ. ಬಂದು ನೋಡು, ಬೈದುಕೊ, ಬೇಕಾದಷ್ಟು ದಿನ ಪಕ್ಕದಲ್ಲೇ ಇರು. ಒಯ್ಯಲು ಮಾತ್ರ ಬರಬೇಡ.