ಮೇಲೆ ಕಳಿಸಿದ ಕ್ಷೌರದ ಪೆಟ್ಟಿಗೆ

ಅಣ್ಣಾ,

ಈ ಚೀಟಿಯನ್ನು ಊಟದ ತಟ್ಟೆಯ ಕೆಳಗೆ ಇಡುತ್ತಿದ್ದೇನೆ. ತಟ್ಟೆ ಒಯ್ಯುವಾಗ ನಿನಗೇ ಸಿಗಲಿ.

ಕೆಮ್ಮು ಕಡಿಮೆಯಾಗಿದೆ, ಮೈ ಸ್ವಲ್ಪ ತುಂಬಿದೆ. ನನ್ನ ಟಿಬಿ ಇನ್ನು ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರು ನಿನ್ನೆದುರೇ ಹೇಳಿದರು. ಆದರೂ ನೀನು ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಮೆಟ್ಟಿಲಿಳಿಯುತ್ತೀಯ. ಮನೆಯಲ್ಲಿ ಕೂಸಿದೆ, ನಿನ್ನ ಹೆದರಿಕೆ ಅರ್ಥವಾಗುತ್ತದೆ.

ಕೆಳಗಿನ ಅಂಗಡಿಯ ಕತ್ತರಿ ಸದ್ದು, ಗಿರಾಕಿಗಳ ಮಾತು ಎಲ್ಲಾ ಇಲ್ಲಿಗೆ ಕೇಳಿಸುತ್ತದೆ. "ತಮ್ಮ ಎಲ್ಲಿ?" ಎಂದು ಯಾರಾದರೂ ಕೇಳಿದರೆ, "ಊರಲ್ಲಿಲ್ಲ" ಅನ್ನುತ್ತೀಯ. ಕೇಳಿ ಕೇಳಿ ನನಗೂ ಹಾಗೇ ಅನ್ನಿಸತೊಡಗಿದೆ.

"ಕೈಗೆ ಕೆಲಸ ಮರೆತುಹೋಗಬಾರದು ಕಣೋ" ಎಂದು ಕ್ಷೌರದ ಕತ್ತಿಗಳ ಪೆಟ್ಟಿಗೆಯನ್ನು ಮೇಲೆ ಕಳಿಸಿದೆಯಲ್ಲ, ಪ್ರೀತಿಯಿಂದಲೇ ಕಳಿಸಿದ್ದು, ಗೊತ್ತು. ಹೊಸ ಮಾತ್ರೆ ಶುರುವಾದಾಗಿನಿಂದ ನಿದ್ದೆ ಹತ್ತಿರ ಸುಳಿಯುವುದಿಲ್ಲ. ಕತ್ತಿ ಮಸೆಯುತ್ತಾ ಕೂರುತ್ತೇನೆ. ಯಾರ ಗಡ್ಡಕ್ಕೂ ಇಷ್ಟು ಹರಿತ ಬೇಕಾಗಿಲ್ಲ. ಮಸೆದು ಮುಗಿದ ಮೇಲೂ ಕೆಳಗಿಡಲು ಮನಸ್ಸಾಗುವುದಿಲ್ಲ.

ಮಾತ್ರೆ ಕೊಡಲು ಬರುವ ನರ್ಸಮ್ಮ "ಮನಸ್ಸು ಹೇಗಿದೆಯಪ್ಪಾ?" ಎಂದು ಕೇಳುತ್ತಾರೆ. "ಗುಂಡುಕಲ್ಲಿನ ಹಾಗಿದೆ" ಎಂದು ನಗಿಸಿ ಕಳಿಸುತ್ತೇನೆ. ನಿಜ ಹೇಳಲು ನನಗೆ ಬಾಯಿ ಬರುತ್ತಿಲ್ಲ. ನಾಳೆ ಅವರು ಬಂದಾಗ ನೀನೇ ಹೇಳು.

ಪೆಟ್ಟಿಗೆಯನ್ನು ಮಾತ್ರ ಇವತ್ತೇ ಒಯ್ದುಬಿಡು. ಹೊಸ್ತಿಲಿಗೆ ತಂದಿಡು ಅನ್ನಬೇಡ. ಅದನ್ನು ನಾನು ಇನ್ನೊಮ್ಮೆ ಮುಟ್ಟುವುದು ಬೇಡ. ಕಿಟಕಿಯ ಪಕ್ಕದಲ್ಲಿದೆ, ನೀನು ಒಳಗೆ ಬರಲೇಬೇಕು. ಬಾಗಿಲಿಗೆ ಚಿಲಕ ಹಾಕಿಲ್ಲ.

ಊರಲ್ಲೇ ಇರುವ,
ನಿನ್ನ ತಮ್ಮ