ಎಲ್ಲಕ್ಕೂ ಒಪ್ಪಿಗೆ

ಮಾರ್ಚ್ 3, ಸೋಮವಾರ
ವಾರಕ್ಕೊಮ್ಮೆ ಆಫೀಸಿಗೆ ಹೋಗುವ ದಿನ. ಹೊಸ ಎಚ್‌ಆರ್ ಆಪ್‌ನ ಪ್ರಚಾರಕನಾಗಿ ನನಗೆ ಪಟ್ಟಾಭಿಷೇಕವಾಗಿ ಇಂದಿಗೆ ಹನ್ನೆರಡು ದಿನ. ರಜೆ, ಹಾಜರಿ ಎಲ್ಲ ಇನ್ನು ಅದರಲ್ಲೇ. ಪ್ರಜೆಗಳು ಮಾತ್ರ ಕ್ಯಾರೇ ಅನ್ನುತ್ತಿಲ್ಲ. ಪಕ್ಕದ ಸೀಟಿನ ಅಕ್ಕ — ನನಗೆ ಕೆಲಸ ಕಲಿಸಿದವರು — ಬಲವಂತಕ್ಕೆ ಲಾಗಿನ್ ಮಾಡಿ, "ಏನ್ ಬೇಕೋ ನೀನೇ ಒತ್ಕೋ ಹೋಗೋ" ಎಂದು ಕಾಫಿಗೆ ಹೋದರು.
ತಮಾಷೆಗೆ ಅಕ್ಕನ ಹೆಸರಲ್ಲೇ ಒತ್ತಿದೆ. ರಾಜೀನಾಮೆ. ಕಾರಣ: 'ಲೋಕಕಲ್ಯಾಣಾರ್ಥ'. ತಕ್ಷಣದಿಂದ ಜಾರಿ. ನೋಡಿ ಬೆಚ್ಚಿಬೀಳಲಿ. ಆ ನೆಪದಲ್ಲಾದರೂ ಆಪ್ ತೆರೆಯಲಿ.

ಮಾರ್ಚ್ 4
ಮನೆಯಿಂದ ಕೆಲಸ. ಅಕ್ಕ ಆಪ್ ಕಡೆ ತಲೆಯೇ ಹಾಕಿಲ್ಲ. ಅರ್ಜಿ ಹಿಂಪಡೆಯಲು ಅವರ ಲಾಗಿನ್ನೇ ಬೇಕಂತೆ. ಸೋಮವಾರ ಮಾಡಿದರಾಯಿತು. ಒಪ್ಪಿಗೆ ಕೊಡಬೇಕಾದ ಮ್ಯಾನೇಜರ್ ಸಾರ್ ಇನ್ನೂ ಆಪನ್ನು ಫೋನಿಗೆ ಹಾಕಿಕೊಂಡೇ ಇಲ್ಲ. ಸದ್ಯಕ್ಕೆ ಭಯವಿಲ್ಲ! ನನ್ನ ಮೇಲ್ ಮಾತ್ರ ತಾನಾಗಿಯೇ ದಿನಕ್ಕೆ ಮೂರು ಸಲ ಎಲ್ಲರಿಗೂ ಹೋಗುತ್ತಿದೆ: 'ಬಾಕಿ ಅರ್ಜಿ ಮುಗಿಸಿ, ಪುಣ್ಯ ಕಟ್ಟಿಕೊಳ್ಳಿ.'

ಮಾರ್ಚ್ 6, ಬೆಳಗ್ಗೆ 11:20
ಸಾರ್ ಫೋನ್.
"ನಿನ್ನ ಮೇಲ್ ಕಾಟ ತಡೀಲಾರ್ದೆ ಆಪ್ ಹಾಕ್ಕೊಂಡೆ ಕಣಯ್ಯ. ನಲವತ್ತೊಂದು ಅರ್ಜಿ ಬಾಕಿ! 'ಎಲ್ಲಕ್ಕೂ ಒಪ್ಪಿಗೆ' ಅಂತ ಒಂದು ಬಟನ್ ಇತ್ತು, ಒತ್ಬಿಟ್ಟೆ. ಈಗ ಸಮಾಧಾನಾನಾ?"
"ಓದಿದ್ರಾ ಸಾರ್?"
"ನಲವತ್ತೊಂದನ್ನೂ ಓದ್ತಾ ಕೂರೋಕೆ ನನಗೇನು ಬೇರೆ ಕೆಲಸ ಇಲ್ವಾ?"
ಆಗಲೇ ಹೇಳಬೇಕಿತ್ತು...

ಮಧ್ಯಾಹ್ನ 3:05
ಮತ್ತೆ ಸಾರ್. ದನಿ ತಗ್ಗಿಸಿ.
"ನಿಮ್ಮಕ್ಕ ರಾಜೀನಾಮೆ ಕೊಟ್ಟಿದ್ದಾರಲ್ಲೋ! ಒಬ್ಬರನ್ನ ತೆಗೀರಿ ಅಂತ ಮೇಲಿನವರು ಪ್ರಾಣ ತಿಂತಿದ್ರು. ತಾವಾಗೇ ಹೋದ್ರು, ನಾನು ಬದುಕಿದೆ. ಇಲ್ದಿದ್ರೆ ಹೊಸಬ ಅಂತ ನಿನ್ನೇ..."
ನಕ್ಕರು. ನಾನೂ ನಕ್ಕೆ. ಹಾಗೆ ನಕ್ಕದ್ದೇ ಈಗ ಹೆಚ್ಚು ಹೆದರಿಸುತ್ತಿದೆ.
ಅಕ್ಕನ ಮನೆಯಲ್ಲಿ ದುಡಿಯುವ ಕೈ ಒಂದೇ. ಭಾವ ಬೆನ್ನು ಮುರಿದುಕೊಂಡು ಮಲಗಿ ಆರು ತಿಂಗಳು.

ಮಾರ್ಚ್ 7, ಬೆಳಗ್ಗೆ 9:10
ಅಕ್ಕನ ಫೋನ್.
"ಲೇ ಪ್ರಚಾರಕ, ಲ್ಯಾಪ್‌ಟಾಪ್ ನನ್ನ ಒಳಗೇ ಬಿಡ್ತಿಲ್ಲ. ನಿನ್ನ ಆಪ್‌ದೇ ಏನೋ ಕಿತಾಪತಿ. ಇರು, ಸಾರ್‌ನೂ ಕಾಲ್‌ಗೆ ಸೇರಿಸ್ತೀನಿ. ನಂಗೆ ಇದೆಲ್ಲ ಗೊತ್ತಾಗಲ್ಲ, ನೀನೇ ಬಿಡಿಸಿ ಹೇಳು."
ಲೈನಿನಲ್ಲಿದ್ದೇನೆ. ಎಡಗೈಯಲ್ಲಿ ಫೋನ್, ಬಲಗೈಯಲ್ಲಿ ಪೆನ್ನು. ಆ ಕಡೆ ಭಾವ ಕೆಮ್ಮಿದ್ದು ಕೇಳಿಸಿತು. ರಿಂಗ್... ರಿಂಗ್...
ಸಾರ್ ಎತ್ತಿದರು. "ಹೇಳಿಮ್ಮಾ."
ಅಕ್ಕನಿಗಿಂತ ಮೊದಲು ನಾನೇ ಬಾಯಿ ತೆರೆದೆ: "ಸಾರ್, ಆ ರಾಜೀನಾಮೆ ಅಕ್ಕ ಕೊಟ್ಟದ್ದಲ್ಲ —"